ಕ್ಯಾಲಿಫೋರ್ನಿಯಾ ಶಾಲೆಗೆ ಊರಿನ ತಾಯಿ ಕಾರ್ಡ್ ಸಾಲದಂತೆ. ಲಸಿಕೆಗೆ ವಿನಾಯಿತಿ ಸಿಗುತ್ತಾ?

ತುಮಕೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ತುಮಕೂರಿನಿಂದ ಸನ್ನಿವೇಲ್‌ಗೆ ಬಂದಿದ್ದೇವೆ. ಮಗಳಿಗೆ ಐದು ತುಂಬಿದೆ, ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್. ಊರಿನ ಪಿಎಚ್‌ಸಿಯಲ್ಲಿ ತಾಯಿ ಕಾರ್ಡ್ ಪ್ರಕಾರ ಒಂದೂ ತಪ್ಪಿಸದೆ ಹಾಕಿಸಿದ್ದೇವೆ: ಟಿಬಿಗೆ ಬಿಸಿಜಿ, ಪೋಲಿಯೊ ಹನಿ, ಪೆಂಟಾ ಮೂರು (ಡಿಪಿಟಿ, ಹೆಪಟೈಟಿಸ್ ಬಿ ಎಲ್ಲಾ ಸೇರಿದ್ದು), ಒಂಬತ್ತು ತಿಂಗಳಿಗೂ ಒಂದೂವರೆ ವರ್ಷಕ್ಕೂ ದಡಾರ-ರುಬೆಲ್ಲಾ, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್. ಆದರೂ ಶಾಲೆಯವರು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್, ಪೋಲಿಯೊ, ಡಿಟ್ಯಾಪ್ (ಇಲ್ಲಿಯ ಡಿಪಿಟಿ) ಎಲ್ಲಾ ಬಾಕಿ ಅಂತಿದ್ದಾರೆ. ಮೇಲೆ ಟಿಬಿ ಫಾರಂ, ಹಲ್ಲಿನ ಫಾರಂ, ಆರೋಗ್ಯ ತಪಾಸಣೆ.

ಡಿಪಿಟಿ ಬೂಸ್ಟರ್ ಆದಾಗ ಮಗಳಿಗೆ ಜೋರು ಜ್ವರ ಬಂದು ತೊಡೆ ಊದಿಕೊಂಡಿತ್ತು. ಅದಕ್ಕೇ ನಮ್ಮತ್ತೆ ಇನ್ನು ಚುಚ್ಚಿಸೋದೇ ಬೇಡ ಅಂತಾರೆ. ಮನೆಯವಳಿಗೆ ಬೇರೆ ಚಿಂತೆ: ಲಸಿಕೆಯಲ್ಲಿ ಹಂದಿಯ ಜೆಲಟಿನ್ ಇರುತ್ತಂತೆ, ನಾವು ಸಸ್ಯಾಹಾರಿಗಳು. ಧರ್ಮದ ಕಾರಣ ಕೊಟ್ಟರೆ ಬಿಡ್ತಾರೆ ಅಂತ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹೇಳಿದರು. ನಿಜವೇ?

ಡಲ್ಲಾಸ್_ಕನ್ನಡಿಗ:

ಟೆಕ್ಸಾಸ್‌ನಲ್ಲಿ ಆಗುತ್ತೆ ಸರ್. 2003ರಿಂದಲೂ ಮನಸ್ಸಾಕ್ಷಿಯ ಕಾರಣಕ್ಕೆ ವಿನಾಯಿತಿ ಇದೆ, ಅಫಿಡವಿಟ್ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲೂ ಅಂಥದ್ದೇ ಏನಾದರೂ ಇರಬೇಕು, ಕೇಳಿ ನೋಡಿ.

ಶೈಲಕ್ಕ:

ಇಲ್ಲ, ಇಲ್ಲಿ ಅಂಥದ್ದು ಇಲ್ಲ. ನಾನು ಸಾಂಟಾ ಕ್ಲಾರಾ ಕೌಂಟಿಯ ಒಂದು ಶಾಲೆಯ ಹೆಲ್ತ್ ಆಫೀಸಿನಲ್ಲಿ ಕೆಲಸ ಮಾಡ್ತೀನಿ, ದಾಖಲಾತಿ ಸಮಯದಲ್ಲಿ ಲಸಿಕೆ ಕಾರ್ಡ್‌ಗಳನ್ನು ನೋಡೋದೇ ನನ್ನ ಕೆಲಸ. ತಾಯಿ ಕಾರ್ಡ್ ಹಿಡಿದು ಬರುವ ನಮ್ಮವರ ಮುಖದಲ್ಲಿ ನಿಮ್ಮದೇ ಗಾಬರಿ ಕಾಣ್ತೀನಿ, ಅದಕ್ಕೇ ಉದ್ದವಾಗಿ ಬರೀತಿದೀನಿ.

2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ಗೆ ಹೋದವರಿಂದ ದಡಾರ ಹಬ್ಬಿತು, ಈ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ಜನಕ್ಕೆ ಬಂತು. ಮುಂದಿನ ಜೂನ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಎಸ್‌ಬಿ 277 ಎಂಬ ಮಸೂದೆಗೆ ಸಹಿ ಹಾಕಿದರು. 2016ರಿಂದ ಸ್ವಂತ ನಂಬಿಕೆಯ ವಿನಾಯಿತಿ ಮುಚ್ಚಿಹೋಯಿತು, ಧರ್ಮದ ಕಾರಣವೂ ಅದರಲ್ಲೇ ಸೇರಿಹೋಯಿತು. ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಪೂರ್ತಿ ಲಸಿಕೆ ಆದವರು ಒಂದೇ ವರ್ಷದಲ್ಲಿ ಶೇ. 92.8ರಿಂದ 95.6ಕ್ಕೆ ಏರಿದರು. ದಡಾರ ಹಬ್ಬದಂತೆ ತಡೆಯೋಕೆ ಸುಮಾರು ಶೇ. 95 ಬೇಕು, ಹಾಗಾಗಿ ಆ ಏರಿಕೆ ಚಿಕ್ಕದಲ್ಲ.

ಈಗ ಉಳಿದಿರೋದು ವೈದ್ಯಕೀಯ ವಿನಾಯಿತಿ ಮಾತ್ರ. 2021ರ ಜನವರಿಯಿಂದ ಅದನ್ನೂ ರಾಜ್ಯದ ಕೇರ್-ಎಂಇ ಎಂಬ ಜಾಲತಾಣದ ಮೂಲಕವೇ ಕೊಡಬೇಕು. ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ ಡಾಕ್ಟರೇ ಬರೀಬೇಕು, ತುಮಕೂರಿನ ಡಾಕ್ಟರ ಪತ್ರ ನಡೆಯಲ್ಲ. ಒಬ್ಬ ಡಾಕ್ಟರು ವರ್ಷಕ್ಕೆ ಐದು ಅಥವಾ ಹೆಚ್ಚು ವಿನಾಯಿತಿ ಬರೆದರೆ, ಇಲ್ಲವೇ ಶಾಲೆಯ ಲಸಿಕೆ ಪ್ರಮಾಣ ಶೇ. 95ಕ್ಕಿಂತ ಕೆಳಗಿದ್ದರೆ, ರಾಜ್ಯದವರು ಪರಿಶೀಲಿಸ್ತಾರೆ. ರೋಗನಿರೋಧಕ ಶಕ್ತಿ ತೀರಾ ಕುಂದಿದ ಮಗು, ಲಸಿಕೆಯ ಯಾವುದೋ ಅಂಶಕ್ಕೆ ಉಸಿರುಗಟ್ಟುವಷ್ಟು ಅಲರ್ಜಿ ಆದ ಮಗು, ಇಂಥವರಿಗಾಗಿ ಇಟ್ಟಿರುವ ಬಾಗಿಲು ಅದು. ಡಿಪಿಟಿ ಆದಮೇಲೆ ಜ್ವರ, ತೊಡೆ ಊತ ಆ ಸಾಲಿಗೆ ಬರಲ್ಲ. ನಮ್ಮ ಪಿಎಚ್‌ಸಿಗಳಲ್ಲಿ ಹಾಕೋದು ನಾಯಿಕೆಮ್ಮಿನ ಇಡೀ ಜೀವಕೋಶ ಇರುವ ಡಿಪಿಟಿ, ಅದಕ್ಕೆ ಜ್ವರ ಜಾಸ್ತಿ. ಇಲ್ಲಿಯ ಡಿಟ್ಯಾಪ್‌ನಲ್ಲಿ ಆ ರೋಗಾಣುವಿನ ಆಯ್ದ ಕೆಲವು ಭಾಗ ಮಾತ್ರ ಇರುತ್ತೆ, ಜ್ವರ ಕಡಿಮೆ. ಅತ್ತೆಯವರಿಗೆ ಇದನ್ನು ಬಿಡಿಸಿ ಹೇಳಿ. ಹಿಂದೆ ಆದದ್ದನ್ನು ಡಾಕ್ಟರಿಗೂ ತಪ್ಪದೆ ತಿಳಿಸಿ.

ಜೆಲಟಿನ್ ವಿಷಯ ಸುಳ್ಳಲ್ಲ. ಎಂಎಂಆರ್‌ನಲ್ಲಿ ಜೆಲಟಿನ್ ಇಲ್ಲದ ಪ್ರಯೊರಿಕ್ಸ್ 2022ರಿಂದ ಅಮೆರಿಕದಲ್ಲಿ ಸಿಗುತ್ತೆ, ಕ್ಲಿನಿಕ್‌ಗೆ ಮೊದಲೇ ಫೋನ್ ಮಾಡಿ ಇದೆಯಾ ಕೇಳಿ. ಚಿಕನ್‌ಪಾಕ್ಸ್ ಲಸಿಕೆಯಲ್ಲಿ ಮಾತ್ರ ತಪ್ಪಿಸೋಕಾಗಲ್ಲ, ಇರುತ್ತೆ. ನಾನೂ ಮೊಟ್ಟೆ ಮುಟ್ಟದ ಮನೆಯಲ್ಲಿ ಹುಟ್ಟಿದವಳು. ನನ್ನ ಇಬ್ಬರು ಮಕ್ಕಳಿಗೂ ಹಾಕಿಸಿದೆ, ಔಷಧ ಊಟವಲ್ಲ ಅಂತ ನನ್ನ ತಾಯಿಯೇ ಹೇಳಿದರು. ನಿಮ್ಮ ಮನೆಯವರ ಮನಸ್ಸಿಗೆ ಒಪ್ಪಿಗೆಯಾಗೋದು ಅವರಿಗೇ ಬಿಟ್ಟಿದ್ದು, ಆದರೆ ಆ ಕಾರಣಕ್ಕೆ ಶಾಲೆ ಬಿಡಲ್ಲ.

ಇನ್ನು ಊರಿನ ಲಸಿಕೆ ಯಾಕೆ ಸಾಲದು ಅನ್ನೋದು. ಅದು ಕಳಪೆ ಅಂತ ಯಾರೂ ಹೇಳ್ತಿಲ್ಲ. ಒಂಬತ್ತು ತಿಂಗಳಿಗೆ ಹಾಕಿದ ದಡಾರದ ಡೋಸ್ ಮೊದಲ ಹುಟ್ಟುಹಬ್ಬಕ್ಕಿಂತ ಮುಂಚಿನದು, ಇಲ್ಲಿ ಅದು ಎಣಿಕೆಗೆ ಬರಲ್ಲ. ಒಂದೂವರೆ ವರ್ಷದ್ದು ದಡಾರ, ರುಬೆಲ್ಲಾ ಎರಡಕ್ಕೂ ಬರುತ್ತೆ, ಆದರೆ ಅದರಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಮಂಗನಬಾವಿಗೆ ಎರಡು ಬೇಕು, ಹಾಗಾಗಿ ಎಂಎಂಆರ್ ಎರಡು. ಚಿಕನ್‌ಪಾಕ್ಸ್ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಅದೂ ಎರಡು. ಪೋಲಿಯೊ ಹನಿಯಿಂದ 2016ರ ಏಪ್ರಿಲ್‌ನಲ್ಲಿ ಎರಡನೇ ಬಗೆಯ ವೈರಸ್ ತೆಗೆದರು. ಇಲ್ಲಿ ಮೂರೂ ಬಗೆಗೆ ರಕ್ಷಣೆ ಕೇಳೋದರಿಂದ ಆಮೇಲಿನ ಹನಿ ಲೆಕ್ಕಕ್ಕಿಲ್ಲ, ಚುಚ್ಚುವ ಐಪಿವಿ ಬೇಕು. ಪೆಂಟಾ ಮೂರು, ಬೂಸ್ಟರ್ ಒಂದು ಸೇರಿ ಡಿಪಿಟಿ ನಾಲ್ಕು ಆಗಿವೆ, ನಾಲ್ಕು ವರ್ಷ ತುಂಬಿದ ಮೇಲಿನದು ಒಂದು ಬಾಕಿ. ಹೆಪಟೈಟಿಸ್ ಬಿಗೆ ಶಾಲೆ ಕೇಳುವ ಮೂರು ಡೋಸ್ ಪೆಂಟಾದಲ್ಲೇ ಬಂದಿವೆ.

ಇದನ್ನೆಲ್ಲಾ ಆಗಸ್ಟ್‌ಗೆ ಮುಗಿಸಬೇಕಿಲ್ಲ! ಇದನ್ನು ಯಾರೂ ಹೇಳದೆ ಜನ ವಿನಾಯಿತಿ ಹುಡುಕ್ತಾ ಕೂರ್ತಾರೆ. ಷರತ್ತಿನ ದಾಖಲಾತಿ ಅಂತ ಇದೆ. ಈಗ ಹಾಕಬಹುದಾದ ಡೋಸ್‌ಗಳೆಲ್ಲ ಆಗಿ, ಮುಂದಿನದಕ್ಕೆ ಇನ್ನೂ ಸಮಯ ಬಂದಿಲ್ಲ ಅಂದರೆ ಮಗು ಶಾಲೆಗೆ ಬರಬಹುದು. ಎಂಎಂಆರ್ ಎರಡರ ನಡುವೆ ಕನಿಷ್ಠ 4 ವಾರ, ಚಿಕನ್‌ಪಾಕ್ಸ್‌ಗೆ ಈ ವಯಸ್ಸಿನಲ್ಲಿ 3 ತಿಂಗಳು. ಗಡುವು ಬಂದಾಗ ದಾಖಲೆ ತಂದುಕೊಡದಿದ್ದರೆ ಮಾತ್ರ ನಾವು ಮನೆಗೆ ಕಳಿಸ್ತೀವಿ.

ತಪಾಸಣೆಯ ಕಥೆ ಬೇರೆ. ಒಂದನೇ ತರಗತಿಗೆ ಸೇರುವ ಮುಂಚಿನ 18 ತಿಂಗಳೊಳಗೆ ಅಥವಾ ಸೇರಿ 90 ದಿನದೊಳಗೆ ಆರೋಗ್ಯ ತಪಾಸಣೆ ಆಗಬೇಕು. ಅದು ಬೇಡ ಅಂತ ತಂದೆತಾಯಿ ಸಹಿ ಹಾಕಿ ಕೊಡಬಹುದು. ಹಲ್ಲಿನದಕ್ಕೂ ಹಾಗೇ. ದಯವಿಟ್ಟು ಹಾಗೆ ಸಹಿ ಹಾಕಬೇಡಿ. ಬೋರ್ಡ್ ಕಾಣದೆ ಹಿಂದೆ ಬಿದ್ದ ಮಗು, ಒಂದು ಕಿವಿ ಸರಿಯಾಗಿ ಕೇಳದ ಮಗು, ಇಂಥವರು ಗೊತ್ತಾಗೋದು ಆ ತಪಾಸಣೆಯಲ್ಲೇ.

ಡಲ್ಲಾಸ್‌ನ ಅಣ್ಣನವರೇ, ಬೇಸರ ಮಾಡಿಕೊಳ್ಳಬೇಡಿ. ಅಫಿಡವಿಟ್ ಸುಲಭ, ನಿಜ. ಆದರೆ 2025ರಲ್ಲಿ ನಿಮ್ಮ ರಾಜ್ಯದ ಗೇನ್ಸ್ ಕೌಂಟಿಯ ಸುತ್ತ 762 ಜನಕ್ಕೆ ದಡಾರ ಬಂತು. ಲಸಿಕೆ ಆಗದ, ಶಾಲೆಗೆ ಹೋಗೋ ವಯಸ್ಸಿನ ಎರಡು ಮಕ್ಕಳು ತೀರಿಕೊಂಡರು. ಅದೇ ವರ್ಷ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸತ್ತ ಮಗುವಿಗೆ ದಡಾರ ತಗುಲಿದ್ದು ಕೂಸಾಗಿದ್ದಾಗ, ಲಸಿಕೆಯ ವಯಸ್ಸು ಆಗುವ ಮೊದಲೇ. ವರ್ಷಗಳ ನಂತರ ಮಿದುಳಿಗೆ ಏರಿ ಪ್ರಾಣ ತೆಗೆಯಿತು. ಆ ಕೂಸಿನ ತಂದೆತಾಯಿಗೆ ಹಾಕಿಸೋ ಅವಕಾಶವೇ ಇರಲಿಲ್ಲ. ನಾವು ಸಹಿ ಹಾಕೋ ಕಾಗದ ನಮ್ಮ ಮನೆಯೊಳಗೇ ಉಳಿಯಲ್ಲ.

ಡಲ್ಲಾಸ್_ಕನ್ನಡಿಗ:

ಬೇಸರ ಇಲ್ಲ ಅಕ್ಕ. ಕಾನೂನು ಏನಿದೆ ಅಂತ ಹೇಳಿದೆ ಅಷ್ಟೇ, ನಮ್ಮ ಮಕ್ಕಳಿಗೆ ಎಲ್ಲಾ ಹಾಕಿಸಿದ್ದೇವೆ.

ತುಮಕೂರು_ಹುಡುಗ:

ಅಕ್ಕ, ತುಂಬಾ ಉಪಕಾರವಾಯ್ತು. ಷರತ್ತಿನ ದಾಖಲಾತಿ ಅನ್ನೋದೇ ಗೊತ್ತಿರಲಿಲ್ಲ. ಮನೆಯವಳೂ ಓದಿದಳು, ಪ್ರಯೊರಿಕ್ಸ್ ಕೇಳ್ತೀವಿ, ಚಿಕನ್‌ಪಾಕ್ಸ್‌ಗೂ ಒಪ್ಪಿದ್ದಾಳೆ. ಒಂದು ಭಯ ಉಳಿದಿದೆ. ಬಿಸಿಜಿ ಆಗಿರೋದರಿಂದ ಟಿಬಿ ಪರೀಕ್ಷೆ ಪಾಸಿಟಿವ್ ಬರುತ್ತೆ, ಆಮೇಲೆ ಎಕ್ಸ್‌ರೇ, ಮಾತ್ರೆ ಅಂತ ಸುತ್ತಿಸ್ತಾರೆ ಅಂತಾರಲ್ಲ?

ಶೈಲಕ್ಕ:

ನಮ್ಮ ಕೌಂಟಿಯಲ್ಲಿ ಮೊದಲು ಡಾಕ್ಟರು ತುಂಬುವ ಟಿಬಿ ಅಪಾಯದ ಪ್ರಶ್ನಾವಳಿ. ಭಾರತದಲ್ಲಿ ಹುಟ್ಟಿದ ಮಗು ಅಂದಮೇಲೆ ಪರೀಕ್ಷೆ ಮಾಡ್ತಾರೆ. ಕೈಗೆ ಚುಚ್ಚಿ ಗುಳ್ಳೆ ನೋಡುವ ಪರೀಕ್ಷೆ ಬಿಸಿಜಿಯಿಂದ ಪಾಸಿಟಿವ್ ಆಗಬಹುದು. ಅದಕ್ಕೇ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಕೇಳಿ, ಬಿಸಿಜಿಯಿಂದ ಅದು ಕೆಡಲ್ಲ. ಅದೂ ಪಾಸಿಟಿವ್ ಬಂದರೆ ಆಗ ಎಕ್ಸ್‌ರೇ ತೆಗೆಸಲೇಬೇಕು, ಮಗುವಿನ ಒಳ್ಳೆಯದಕ್ಕೇ.

ಇನ್ನೆರಡು ಮಾತು. ಊರಿನ ಕಾರ್ಡ್‌ನಲ್ಲಿ ತಾರೀಖು ಮೊದಲು, ತಿಂಗಳು ಆಮೇಲೆ. ಇಲ್ಲಿ ಉಲ್ಟಾ. 05/08 ಅಂತ ಇದ್ದರೆ ಮೇ 8 ಅಂತ ಕಂಪ್ಯೂಟರಿಗೆ ಏರಿಸ್ತಾರೆ, ಹೀಗೆ ತಾರೀಖು ಅದಲುಬದಲಾದರೆ ಸರಿಯಾದ ಡೋಸೂ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನದು ಅಂತ ತಿರಸ್ಕಾರ ಆಗಬಹುದು. ಕಾರ್ಡ್‌ನ ಪ್ರತಿಯ ಜೊತೆಗೆ ತಿಂಗಳ ಹೆಸರು ಅಕ್ಷರದಲ್ಲಿ ಬರೆದ ಇಂಗ್ಲಿಷ್ ಪಟ್ಟಿ ಕೊಡಿ. ಕಾರ್ಡ್‌ನಲ್ಲಿ ಮಗಳ ಹೆಸರಿಲ್ಲದೆ ತಾಯಿಯ ಹೆಸರಷ್ಟೇ ಇದ್ದರೆ ಜನನ ಪ್ರಮಾಣಪತ್ರವೂ ಜೊತೆಗಿರಲಿ. ಜುಲೈ ಕೊನೆಗೆ ಕ್ಲಿನಿಕ್‌ಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ನಾಳೆಯೇ ಫೋನ್ ಮಾಡಿ.