ಗುಂಡಿನ ಸದ್ದು ನಿಂತ ಊರಿಗೆ ಶಾಂತಿ ಬಂದಿದೆ ಎಂದು ಯಾವಾಗ ಹೇಳಬಹುದು?

ಪ್ರಶ್ನೆ: ಕಾರಟಗಿ ಕಡೆಯ ಸೈನಿಕ

ನಾನು ಕೊಪ್ಪಳ ಜಿಲ್ಲೆಯವನು. ಕೆಲವು ತಿಂಗಳಿಂದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೀಲಿ ಟೋಪಿ ತೊಟ್ಟು ದಕ್ಷಿಣ ಸುಡಾನಿನಲ್ಲಿದ್ದೇನೆ. ಘಟಕದ ಹೆಸರನ್ನಾಗಲಿ ಠಾಣೆಯ ಜಾಗವನ್ನಾಗಲಿ ಬರೆಯುವಂತಿಲ್ಲ, ದಯವಿಟ್ಟು ಕೇಳಬೇಡಿ.

ಈ ದೇಶ 2011ರ ಜುಲೈ 9ರಂದು ಸ್ವತಂತ್ರವಾಯಿತು. ಮೂರು ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅವರ ಉಪಾಧ್ಯಕ್ಷರಾಗಿದ್ದ ರೀಕ್ ಮಚಾರ್ ಅವರ ಬಣಗಳ ನಡುವೆ ಅಂತರ್ಯುದ್ಧ ಶುರುವಾಯಿತು. 2015ರ ಒಪ್ಪಂದ ಮರುವರ್ಷವೇ ಮುರಿದುಬಿತ್ತು. 2018ರಲ್ಲಿ ಮತ್ತೊಂದಕ್ಕೆ ಸಹಿಯಾಯಿತು. 2024ರ ಡಿಸೆಂಬರ್‌ಗೆ ನಿಗದಿಯಾಗಿದ್ದ ಚುನಾವಣೆಯನ್ನು 2026ರ ಡಿಸೆಂಬರ್‌ಗೆ ಮುಂದೂಡಿದ್ದಾರೆ.

ನಮ್ಮ ಕಡೆ ಕ್ಯಾಂಪ್ ಎಂದರೆ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದವರು ಕಟ್ಟಿಕೊಂಡ ಊರು. ಭತ್ತದ ಗದ್ದೆ, ರೈಸ್ ಮಿಲ್ಲು, ರಾಮನ ಗುಡಿ ಎಲ್ಲವೂ ಕಣ್ಣಿಗೆ ಬರುತ್ತವೆ. ಇಲ್ಲಿ ಕ್ಯಾಂಪ್ ಎಂದರೆ ಜೀವ ಉಳಿಸಿಕೊಳ್ಳಲು ನಮ್ಮ ಬೇಲಿಯ ಪಕ್ಕಕ್ಕೆ ಓಡಿಬಂದವರು ತಾಡಪಾಲಿನಡಿ ವರ್ಷಗಟ್ಟಲೆ ಉಳಿದುಬಿಟ್ಟ ಜಾಗ. ಅವರ ಮನೆಗಳು ಹತ್ತಿರದ ಪಟ್ಟಣದಲ್ಲೇ ಇವೆ, ಆದರೆ ಅವುಗಳಲ್ಲಿ ಬೇರೆಯವರು ವಾಸವಾಗಿದ್ದಾರೆ.

ನಮ್ಮ ಪಡೆಯೊಂದಿಗೆ ಪಶುವೈದ್ಯರೂ ಇದ್ದಾರೆ. ಕಳೆದ ವಾರ ಹದಿನಾರು ಹದಿನೇಳರ ಹುಡುಗನೊಬ್ಬ ಗೊರಸಿನ ಸಂದಿನಲ್ಲಿ ಹುಳು ಬಿದ್ದ ಹಸುವನ್ನು ಹೊಡೆದುಕೊಂಡು ಬಂದ. ಹೆಗಲಲ್ಲಿದ್ದ ಬಂದೂಕನ್ನು ಗೇಟಿನಾಚೆ ಮುಳ್ಳುಮರಕ್ಕೆ ಒರಗಿಸಿ ಒಳಗೆ ಬಂದ. ಡಾಕ್ಟರು ಗಾಯ ತೊಳೆಯುವಾಗ ಹಗ್ಗ ಹಿಡಿದು ನಿಂತವನು ನಾನೇ. ಒಕ್ಕಲುತನದ ಮನೆಯವನಾದ್ದರಿಂದ ಯಾರೂ ಹೇಳಬೇಕಾಗಲಿಲ್ಲ. ಬಂದೂಕು ಯಾಕೆ ಎಂದು ದುಭಾಷಿಯ ಮೂಲಕ ಕೇಳಿದಾಗ, ಹಸು ಇದೆಯಲ್ಲ, ಅದಕ್ಕೆ ಎಂದ. ಇಲ್ಲಿ ಕನ್ಯಾಶುಲ್ಕವನ್ನು ದನಗಳಲ್ಲೇ ಎಣಿಸುತ್ತಾರೆ, ದನಕ್ಕಾಗಿಯೇ ಊರ ಮೇಲೆ ಊರು ದಾಳಿ ಮಾಡುತ್ತದೆ. ಹೋಗುವಾಗ ಬಂದೂಕನ್ನು ಮತ್ತೆ ಹೆಗಲಿಗೇರಿಸಿಕೊಂಡ.

ನಾವು ಬೇಲಿ ಕಾಯುವುದರಿಂದ ಶಾಂತಿ ಹತ್ತಿರವಾಗುತ್ತಿದೆಯೋ, ಅಥವಾ ಜಗಳ ಬರೀ ಮುಂದಕ್ಕೆ ಹೋಗುತ್ತಿದೆಯೋ? ಬಲ್ಲವರು ತಿಳಿಸಬೇಕು.

ಉತ್ತರ: ಮಾಜಿ ಹವಾಲ್ದಾರ, ಸಿರುಗುಪ್ಪ

ತಮ್ಮಾ, ಜಗಳ ಮುಂದಕ್ಕೆ ಹೋಗುತ್ತಿದ್ದರೆ ಹೋಗಲಿ, ಅದೇನು ಸಣ್ಣ ಕೆಲಸವಲ್ಲ. 2003ರ ನವೆಂಬರ್‌ನಲ್ಲಿ ಗಡಿ ನಿಯಂತ್ರಣ ರೇಖೆಯಲ್ಲಿ ಕದನವಿರಾಮ ಬಂದಾಗ ನಾನು ಪೂಂಛ್ ಕಡೆ ಇದ್ದೆ. ಅಲ್ಲಿ ಬೇಲಿಯಾಚೆಗೂ ನಮ್ಮ ರೈತರ ಹೊಲಗಳಿವೆ. ಗುರುತಿನ ಚೀಟಿ ತೋರಿಸಿ ಗೇಟು ದಾಟಿ ಹೋಗಿ, ಸಂಜೆಯೊಳಗೆ ಮರಳಬೇಕು. ಗುಂಡು ನಿಂತ ಮೇಲೆ ಬಂದ ಮೊದಲ ಮಳೆಗಾಲದಲ್ಲಿ, ಹಲವು ವರ್ಷ ಬೀಳು ಬಿದ್ದಿದ್ದ ಹೊಲದಲ್ಲಿ ಒಬ್ಬ ಮುದುಕ ಮೆಕ್ಕೆಜೋಳ ಬಿತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಕದನವಿರಾಮ ಕಾಲಕ್ರಮೇಣ ಸಡಿಲವಾಯಿತು, 2021ರ ಫೆಬ್ರುವರಿಯಲ್ಲಿ ಮತ್ತೆ ಬಿಗಿಯಾಯಿತು, 2025ರ ಮೇ ತಿಂಗಳಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ. ಆದರೂ ಆ ಮುದುಕ ಒಕ್ಕಿದ ಕಾಳನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಇದೇ ನೀಲಿ ಪಡೆಯ ದಂಡನಾಯಕರಾಗಿದ್ದಾಗ, 1965ರಲ್ಲಿ, ಅಲ್ಲಿಯೇ ತೀರಿಕೊಂಡರು. 1964ರಲ್ಲಿ ಹೋದ ಆ ಪಡೆ ಇಂದಿಗೂ ಅಲ್ಲೇ ಇದೆ. ಗ್ರೀಕರು ಮತ್ತು ತುರ್ಕರ ನಡುವೆ ಹೋಳಾದ ಆ ದ್ವೀಪ ಒಂದಾಗಿಲ್ಲ, ನಿಜ. ಆದರೆ 1974ರ ನಂತರ ಅಲ್ಲಿ ಅಂಥ ದೊಡ್ಡ ಯುದ್ಧವೂ ನಡೆದಿಲ್ಲ.

ಉತ್ತರ: ಆರ್.ಎಚ್. ಕ್ಯಾಂಪಿನ ನಿವಾಸಿ, ಸಿಂಧನೂರು

ಕ್ಯಾಂಪಿಗೆ ತಾವು ಹೇಳಿದ ಎರಡು ಅರ್ಥಗಳೂ ನಮ್ಮಲ್ಲಿ ಒಂದೇ ಆಗಿವೆ. ಸಿಂಧನೂರು ತಾಲ್ಲೂಕಿನ ಪುನರ್ವಸತಿ (ಆರ್.ಎಚ್.) ಕ್ಯಾಂಪುಗಳಲ್ಲಿ ಇರುವವರಲ್ಲಿ ಹೆಚ್ಚಿನವರು ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳು. ನಾನು ಆ ಪೈಕಿ ಮೂರನೆಯ ತಲೆಮಾರಿನವನು. ಪುಸ್ತಕದ ಪ್ರಕಾರ ಬಾಂಗ್ಲಾದೇಶದ ಯುದ್ಧ 1971ರ ಡಿಸೆಂಬರ್ 16ರಂದು ಮುಗಿಯಿತು. ನಮ್ಮ ದಾದು, ಅಂದರೆ ಅಜ್ಜ, ಬಹಳ ಕಾಲ ಹಳೆಯ ಮನೆಯ ಬೀಗದಕೈಯನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಇಲ್ಲಿನ ಪಹಣಿಯಲ್ಲಿ ತಮ್ಮ ಹೆಸರನ್ನು ಕಂಡ ಮೇಲೆ ಅದರ ಮಾತು ಎತ್ತಲಿಲ್ಲ ಎಂದು ಅಪ್ಪ ಹೇಳುತ್ತಾರೆ. ಪೌರತ್ವದ ಕಾಗದಕ್ಕಾಗಿ ಅಲೆದವರು ನಮ್ಮಲ್ಲಿ ಅರ್ಧ ಶತಮಾನ ಅಲೆದಿದ್ದಾರೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ನಿಯಮಗಳು ಬಂದದ್ದೇ 2024ರಲ್ಲಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸಹಿ ಹಾಕಿದ ನಾಯಕರು ಏನಂದರು ಎಂಬುದನ್ನು ಬಿಟ್ಟು, ಓಡಿಬಂದವರ ಮನೆ ಮತ್ತು ನೆಲ ಈಗ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿ. ಅದು ಇತ್ಯರ್ಥವಾಗದೆ ಆ ಹುಡುಗ ಬಂದೂಕು ಇಳಿಸಿದರೂ ಅವನ ಮಗ ಮತ್ತೆ ಎತ್ತಿಕೊಳ್ಳುತ್ತಾನೆ.

ಉತ್ತರ: ಇತಿಹಾಸದ ಮೇಷ್ಟ್ರು, ಮಸ್ಕಿ

ಮಸ್ಕಿಯವನೆಂದ ಕೂಡಲೇ ಅಶೋಕನ ಮಾತು ಬರಲೇಬೇಕೆಂದು ಎಲ್ಲರೂ ಕಾಯುತ್ತಾರೆ. 1915ರಲ್ಲಿ ಸಿಕ್ಕ ನಮ್ಮೂರಿನ ಶಾಸನದಲ್ಲಿ ಅವನ ಹೆಸರಿದೆ, ಕಳಿಂಗದ ಸುದ್ದಿ ಇಲ್ಲ. ಅದು ಇರುವುದು ಹದಿಮೂರನೆಯ ಬಂಡೆ ಶಾಸನದಲ್ಲಿ. ಒಂದು ಲಕ್ಷ ಜನ ಹತರಾದರು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಒಂದೂವರೆ ಲಕ್ಷ ಜನರನ್ನು ನೆಲೆಯಿಂದ ಕಿತ್ತು ಒಯ್ಯಲಾಯಿತು ಎಂಬ ಮಾತೂ ಅಲ್ಲೇ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅರಸ ಪಶ್ಚಾತ್ತಾಪಪಟ್ಟ, ಆದರೆ ಕಳಿಂಗವನ್ನು ಬಿಟ್ಟುಕೊಡಲಿಲ್ಲ. ಕಿತ್ತು ಒಯ್ದವರು ಊರಿಗೆ ಮರಳಿದರೆಂದು ಆ ಶಾಸನ ಎಲ್ಲಿಯೂ ಹೇಳುವುದಿಲ್ಲ. ಸಿಂಧನೂರಿನವರ ಮಾತು ನನಗೂ ಒಪ್ಪಿಗೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ಹವಾಲ್ದಾರ್ ಸಾಹೇಬರ ಮಾತಿನಿಂದ ಮನಸ್ಸು ಸ್ವಲ್ಪ ಹಗುರಾಯಿತು. ಇಷ್ಟು ತಿಂಗಳಲ್ಲಿ ಕ್ಯಾಂಪಿನವರಿಗೆ ನೀರು ಬಂತೇ, ಔಷಧಿ ಸಿಕ್ಕಿತೇ ಎಂದು ಕೇಳಿದ್ದೇನೆಯೇ ಹೊರತು, ಮನೆಯ ಕಾಗದ ಯಾರ ಬಳಿ ಇದೆ ಎಂದು ಒಬ್ಬರನ್ನೂ ಕೇಳಿಲ್ಲ. ನಾಳೆ ನನ್ನ ಪಾಳಿ ಗೇಟಿನಲ್ಲಿದೆ. ದುಭಾಷಿ ಬಂದರೆ ಕೇಳಿ ನೋಡಿ ಇಲ್ಲೇ ಬರೆಯುತ್ತೇನೆ.