ಪದಚರ್ಚೆ: ಕರುಳಿನ ಉರಿಯೂತ ‘ತಣಿದಿದೆ’ ಎನ್ನಬಹುದೇ?

ಗೆಳೆಯರೇ,

ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಎಂಬ, ಕರುಳಿನಲ್ಲಿ ಬಹುಕಾಲ ಉರಿಯೂತ ಉಂಟುಮಾಡುವ ಕಾಯಿಲೆಗಳ ಬಗ್ಗೆ ನಡೆಯುತ್ತಿರುವ ಸಂಶೋಧನೆಯನ್ನು ರೋಗಿಗಳಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ರೆಮಿಷನ್’, ಅಂದರೆ ಕಾಯಿಲೆ ಇಳಿದಿರುವ ಸ್ಥಿತಿ, ಎಂಬ ಪದಕ್ಕೆ ಕನ್ನಡ ಹುಡುಕುತ್ತಾ ನಿಂತುಬಿಟ್ಟಿದ್ದೇನೆ.

ಮೊದಲು ‘ಉರಿಯೂತ’ದ (ಇನ್‌ಫ್ಲಮೇಶನ್) ವಿಷಯ. ಉರಿ, ಊತ ಸೇರಿ ಆದ ಒಳ್ಳೆಯ ಪದ. ಸುಮಾರು 2000 ವರ್ಷಗಳ ಹಿಂದೆ ವೈದ್ಯಗ್ರಂಥ ಬರೆದ ರೋಮಿನ ಸೆಲ್ಸಸ್ ಹೇಳಿದ ಉರಿಯೂತದ ನಾಲ್ಕು ಲಕ್ಷಣ ಕೆಂಪು, ಬಿಸಿ, ಊತ, ನೋವು. ಅವುಗಳಲ್ಲಿ ಎರಡು ನಮ್ಮ ಪದದಲ್ಲೇ ಇವೆ. ಆದರೆ ಈ ಕಾಯಿಲೆ ಇರುವ ಹಿರಿಯರೊಬ್ಬರು ನನ್ನ ಕರಡು ಓದಿ, “ನನಗೆ ಹೊಟ್ಟೆ ಉರಿಯೋದೇ ಇಲ್ಲವಲ್ಲ, ಊದಿಕೊಂಡೂ ಇಲ್ಲ” ಎಂದರು. ಅವರು ಅದನ್ನು ಆಸಿಡಿಟಿ ಎಂದುಕೊಂಡಿದ್ದರು. ಹೊಟ್ಟೆಯ ಮಾತಿನಲ್ಲಿ ಉರಿ ಬಂದರೆ ಕಿವಿಗೆ ಹೊಟ್ಟೆಉರಿಯೇ ಕೇಳುತ್ತದೆ, ಅಲ್ವಾ? ಈಗ ‘ಕರುಳಿನ ಗೋಡೆಯ ಉರಿಯೂತ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಗೋಡೆ ಎಂದ ಕೂಡಲೇ ಅವರಿಗೆ ಹೊಳೆಯಿತು.

ಇನ್ನು ರೆಮಿಷನ್. ಈ ಕಾಯಿಲೆಗಳು ಕೆರಳುತ್ತವೆ, ಇಳಿಯುತ್ತವೆ, ಮರುಕಳಿಸುತ್ತವೆ. ಇಳಿದ ಕಾಲವನ್ನು ‘ವಾಸಿಯಾಗಿದೆ’ ಎನ್ನುವುದು ತಪ್ಪು ಮಾತ್ರವಲ್ಲ, ಅಪಾಯ. ವಾಸಿ ಎಂದು ಓದಿದವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ‘ಉಪಶಮನ’ ಇದೆ ನಿಜ. ಆದರೆ ಕೊನೆಗಾಲದ ರೋಗಿಗಳ ‘ಉಪಶಾಮಕ ಆರೈಕೆ’ಯ ನೆನಪು ಬಂದು ಓದುವವರು ಸುಮ್ನೆ ಹೆದರುತ್ತಾರೆ.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ನೋವಿಲ್ಲ, ಭೇದಿಯಿಲ್ಲ, ರಕ್ತ ಹೋಗುತ್ತಿಲ್ಲ. ಆದರೂ ಕೊಲೊನೊಸ್ಕೋಪಿಯಲ್ಲಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕಳಿಸಿ ಮಾಡುವ ಪರೀಕ್ಷೆ) ನೋಡಿದರೆ ಕರುಳಿನ ಒಳಪೊರೆ ಇನ್ನೂ ಕೆಂಪಗಿರಬಹುದು, ಹುಣ್ಣೂ ಇರಬಹುದು. ಮಲಪರೀಕ್ಷೆಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಜಾಸ್ತಿ ಇರಬಹುದು. ಅದು ಉರಿಯೂತದ ಜಾಗಕ್ಕೆ ನುಗ್ಗುವ ಬಿಳಿ ರಕ್ತಕಣಗಳಲ್ಲಿರುವ ಪ್ರೋಟೀನು. ಅದಕ್ಕೇ ಈಗಿನ ಸಂಶೋಧಕರು ರೋಗಿ ಆರಾಮಾಗಿದ್ದರೆ ಸಾಕು ಎನ್ನುವುದಿಲ್ಲ, ಒಳಪೊರೆಯೂ ಸರಿಹೋಗಿದೆಯೇ ಎಂದು ನೋಡುತ್ತಾರೆ. ಅಂದರೆ ನಮಗೆ ಒಂದಲ್ಲ, ಮೂರು ಪದ ಬೇಕು.

ನಾನು ಹೀಗೆ ಅಂದುಕೊಂಡಿದ್ದೇನೆ. ಲಕ್ಷಣಗಳು ‘ಅಡಗಿವೆ’. ಪರೀಕ್ಷೆಯಲ್ಲೂ ಇಳಿದಿದ್ದರೆ ಉರಿಯೂತ ‘ತಣಿದಿದೆ’. ಹುಣ್ಣು ಕೂಡಿಕೊಂಡು ಪೊರೆ ಮೊದಲಿನಂತಾದರೆ ‘ಮಾಯುವುದು’. ಗಾಯ ಮಾಯಿತು ಎನ್ನುತ್ತೇವಲ್ಲ, ಅದೇ. ಲಕ್ಷಣ ಅಡಗಿ ಒಳಗೆ ಉರಿಯೂತ ಉಳಿದಿರುವ ಸ್ಥಿತಿಗೆ ‘ಬೂದಿ ಮುಚ್ಚಿದ ಕೆಂಡ’ಕ್ಕಿಂತ ಒಳ್ಳೆಯ ಮಾತು ನನಗೆ ಕಾಣುತ್ತಿಲ್ಲ. ಅದನ್ನು ವಿವರಣೆಯಲ್ಲಿ ಬಳಸಿಯೇ ಬಳಸುತ್ತೇನೆ.

ನನ್ನ ಅನುಮಾನ ‘ಮಾಯುವುದು’ ಬಗ್ಗೆ. ಚಿಕ್ಕ ವಯಸ್ಸಿನ ಓದುಗರು ಅದನ್ನು ‘ಮಾಯವಾಗುವುದು’ ಎಂದು ಓದಿಕೊಂಡರೆ? ಕಾಯಿಲೆಯೇ ಮಾಯವಾಯಿತು ಎಂದಾಗಿ, ನಾನು ತಪ್ಪಿಸಲು ಹೊರಟ ಅರ್ಥವೇ ಬಂದುಬಿಡುತ್ತದೆ. ನಿಮ್ಮ ಮನೆಯ ಹುಡುಗರಿಗೆ ‘ಹುಣ್ಣು ಮಾಯಿತು’ ಎಂದರೆ ಏನು ಅರ್ಥವಾಗುತ್ತದೆ, ಒಮ್ಮೆ ಕೇಳಿ ತಿಳಿಸುತ್ತೀರಾ?