ಬೆಂಗಳೂರು–ಲಂಡನ್ ವಿಮಾನ: ದೂರವೆಷ್ಟು, ಕೂರಬೇಕಾದ ಹೊತ್ತೆಷ್ಟು?

ಪ್ರಶ್ನೆ: 68 ವರ್ಷದ ನಮ್ಮ ಅಮ್ಮ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿನ ಹೀಥ್ರೂಗೆ ಒಬ್ಬರೇ ಬರಲಿದ್ದಾರೆ. ನೇರ ವಿಮಾನದ ವೇಳಾಪಟ್ಟಿಯಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ಇಳಿಯುವುದು, ಹಿಂತಿರುಗುವಾಗ ಮಧ್ಯಾಹ್ನ 1.30ಕ್ಕೆ ಹೊರಟು ಮರುದಿನ ಬೆಳಗಿನ ಜಾವ 5ಕ್ಕೆ ಇಳಿಯುವುದು ಎಂದಿದೆ. ನಿಜವಾದ ಪ್ರಯಾಣದ ಅವಧಿ ಎಷ್ಟು? ದುಬೈ ಮೂಲಕ ಬಂದರೆ ಆದೀತೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಮ್ಮ ತಾಯಿಯವರು ಇದೇ ಮಾರ್ಗದಲ್ಲಿ ಮೂರು ಬಾರಿ ಬಂದು ಹೋಗಿದ್ದಾರೆ. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದಿರುವುದರಿಂದ ನೀವು ಬರೆದ ವೇಳೆಯಂತೆ ಬರುವಾಗ 11 ಗಂಟೆ, ಹಿಂತಿರುಗುವಾಗ 10 ಗಂಟೆ ಆಗುತ್ತದೆ. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 8,000 ಕಿ.ಮೀ.; ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ಒಂಬತ್ತು ಗಂಟೆ ಸಾಕಲ್ಲವೇ ಎಂದು ಮೊದಲ ಸಲ ನಾನೂ ಲೆಕ್ಕ ಹಾಕಿದ್ದೆ. ಆದರೆ ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಿ ಅದರ ರಭಸ ಇನ್ನೂ ಹೆಚ್ಚು. ಲಂಡನ್ನಿಗೆ ಹೋಗುವಾಗ ಅದು ಎದುರಾಗುತ್ತದೆ, ಬೆಂಗಳೂರಿಗೆ ಮರಳುವಾಗ ಬೆನ್ನಿಗಿರುತ್ತದೆ. ಜೊತೆಗೆ 2022ರ ಫೆಬ್ರವರಿಯಿಂದ ಉಕ್ರೇನಿನ ವಾಯುಮಾರ್ಗ ಮುಚ್ಚಿರುವುದರಿಂದ ವಿಮಾನಗಳು ಅದನ್ನು ತಪ್ಪಿಸಿ ಸುತ್ತಿಕೊಂಡು ಹೋಗಬೇಕಾಗಿದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಮಾತ್ರೆಯದು. ಮೊದಲ ಪ್ರಯಾಣದಲ್ಲಿ ಅಮ್ಮ ಸೀಟಿನಲ್ಲಿ ಕುಳಿತೊಡನೆ ತಮ್ಮ ಹಳೆಯ ಎಚ್‌ಎಂಟಿ ಕೈಗಡಿಯಾರವನ್ನು ಲಂಡನ್ ಸಮಯಕ್ಕೆ ತಿರುಗಿಸಿಕೊಂಡುಬಿಟ್ಟರು. ಮಧ್ಯಾಹ್ನ ಎರಡಕ್ಕೆ ನುಂಗಬೇಕಿದ್ದ ಬಿಪಿ ಮಾತ್ರೆ ಐದೂವರೆ ಗಂಟೆ ತಡವಾಯಿತು, ಇಳಿದಾಗ ತಲೆ ಸುತ್ತುತ್ತಿತ್ತು. ಆಮೇಲೆ ವೈದ್ಯರನ್ನು ಕೇಳಿ, ಇಳಿಯುವವರೆಗೂ ಗಡಿಯಾರ ಊರಿನ ಸಮಯದಲ್ಲೇ ಇರಲೆಂದು ಗೊತ್ತುಮಾಡಿಕೊಂಡೆವು. ಮಾತ್ರೆಗಳನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ, ಮೇಲೆ ಗಂಟೆ ಬರೆದು ಕೈಚೀಲದಲ್ಲಿಟ್ಟೆವು. ನಿಮ್ಮ ತಾಯಿಯವರ ವೈದ್ಯರನ್ನೂ ಒಮ್ಮೆ ಕೇಳಿಕೊಳ್ಳಿ.

ಉತ್ತರ 2: ನಮ್ಮ ಅತ್ತೆಯವರು ದುಬೈ ಮೂಲಕ ಬಂದರು. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಲಂಡನ್ನಿಗೆ ಸುಮಾರು 5,500 ಕಿ.ಮೀ.; ಒಟ್ಟು ದೂರ ಹೆಚ್ಚೇನೂ ಬೆಳೆಯುವುದಿಲ್ಲ. ಬೆಳೆಯುವುದು ಹೊತ್ತು: ನಾಲ್ಕು ಗಂಟೆ ಹಾರಾಟ, ನಡುವೆ ಮೂರು ಗಂಟೆ ಕಾಯುವಿಕೆ, ಮತ್ತೆ ಏಳೂವರೆ ಗಂಟೆ. ಮಂಡಿನೋವಿದ್ದ ಅತ್ತೆಯವರಿಗೆ ನಡುವೆ ಕಾಲು ಚಾಚಲು ಸಿಕ್ಕಿದ್ದು ಹಿತವೆನಿಸಿತು, ಆದರೆ ಆ ದೊಡ್ಡ ನಿಲ್ದಾಣದಲ್ಲಿ ಗೇಟು ಹುಡುಕುವುದು ಒಬ್ಬರಿಂದಲೇ ಆಗುವ ಕೆಲಸವಲ್ಲ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿಟ್ಟಿದ್ದರಿಂದ ಸಿಬ್ಬಂದಿಯೇ ಒಂದು ಗೇಟಿನಿಂದ ಇನ್ನೊಂದಕ್ಕೆ ಕರೆದೊಯ್ದರು. ನಿಮ್ಮ ತಾಯಿಯವರಿಗೆ ಇದು ಮೊದಲ ವಿಮಾನಯಾನವಾದರೆ ಹಣ ಸ್ವಲ್ಪ ಹೆಚ್ಚಾದರೂ ನೇರ ವಿಮಾನವನ್ನೇ ಆರಿಸಿ, ವೀಲ್‌ಚೇರನ್ನು ಆಗಲೂ ಕೇಳಿ. ಬೆಳಿಗ್ಗೆ 7ರ ವಿಮಾನಕ್ಕೆ 4ಕ್ಕೇ ದೇವನಹಳ್ಳಿ ಮುಟ್ಟಿರಬೇಕು. ಜಯನಗರದ ಕಡೆಯವರಾದರೆ ಮನೆಯಿಂದ ರಾತ್ರಿ ಎರಡೂವರೆಗೇ ಹೊರಡಬೇಕಾಗುತ್ತದೆ, ಆ ನಿದ್ದೆಗೆಡುವ ಹೊತ್ತನ್ನೂ 11 ಗಂಟೆಗೆ ಸೇರಿಸಿಕೊಳ್ಳಿ.